ರಕ್ತಕ್ಕೆ ಮುಯ್ಯಿ ತೀರಿಸುವವನನ್ನು ರಬ್ಬಿಗಳು ಅಳಿಸಿದರೋ, ನ್ಯಾಯಸಭೆಯೊಳಗೆ ಕರೆತಂದರೋ?

ಮಲೆನಾಡಿನ ಓದುಗ (ಚರ್ಚೆ ಆರಂಭಿಸಿದವರು)

ಕೆಲವು ವಾರಗಳಿಂದ ಕನ್ನಡ ಬೈಬಲಿನ ಅರಣ್ಯಕಾಂಡವನ್ನು ನಿಧಾನವಾಗಿ ಓದುತ್ತಿದ್ದೇನೆ. 35ನೇ ಅಧ್ಯಾಯದಲ್ಲಿ ಒಂದು ತೊಡಕು ಎದುರಾಗಿದೆ. 12ನೇ ವಚನದ ಪ್ರಕಾರ, ಕೊಂದವನು ಸಭೆಯ ಮುಂದೆ ನಿಂತು ವಿಚಾರಣೆಗೆ ಒಳಗಾಗುವ ತನಕ ಸಾಯಬಾರದು; ಅದಕ್ಕಾಗಿಯೇ ಅವನು ಓಡಿಹೋಗಿ ರಕ್ಷಣೆ ಪಡೆಯಲು ಆರು ಆಶ್ರಯಪಟ್ಟಣಗಳು. ಆದರೆ ಏಳು ವಚನಗಳಾಚೆ, 19ರಲ್ಲಿ, ಹತನಾದವನ ಸಮೀಪಬಂಧುವು ಕೊಲೆಗಾರನನ್ನು ಕಂಡಲ್ಲೇ ತಾನೇ ಕೊಲ್ಲಬೇಕು ಎಂಬ ಅರ್ಥದ ಮಾತು ಬರುತ್ತದೆ. ಒಂದೇ ಅಧ್ಯಾಯದಲ್ಲಿ ನ್ಯಾಯಸಭೆಯೂ ಇದೆ, ಕತ್ತಿ ಹಿಡಿದ ನೆಂಟನೂ ಇದ್ದಾನೆ. ಯೆಹೂದಿ ಧರ್ಮಪಂಡಿತರಾದ ರಬ್ಬಿಗಳು ಇವೆರಡನ್ನೂ ಹೇಗೆ ಹೊಂದಿಸಿಕೊಂಡರು ಎಂಬುದು ನನ್ನ ಪ್ರಶ್ನೆ. ಸೇಡಿನ ಪದ್ಧತಿಯನ್ನು ಅವರು ತೊಡೆದುಹಾಕಿದರೆ? ಅಥವಾ ಅದಕ್ಕೊಂದು ಕಾನೂನಿನ ಅಂಗಿ ತೊಡಿಸಿ ಹಾಗೆಯೇ ಉಳಿಸಿಕೊಂಡರೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಮುನ್ಸೀಫ

ಈ ಪ್ರಶ್ನೆಗೆ ಮೊದಲು ನೋಡಬೇಕಾದದ್ದು ಕ್ರಿಸ್ತಶಕ 200ರ ಸುಮಾರಿಗೆ ಸಂಕಲನಗೊಂಡ, ಯೆಹೂದಿ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾದ ‘ಮಕ್ಕೋತ್’ ಎಂಬ ಪ್ರಕರಣದ ಎರಡನೆಯ ಅಧ್ಯಾಯ, ಆಮೇಲೆ ಅದರ ಮೇಲೆ ಬಾಬಿಲೋನಿನ ತಾಲ್ಮುದ್ ನಡೆಸುವ ಚರ್ಚೆ. ಅಲ್ಲಿ ರಬ್ಬಿ ಯೋಸೆ ಬೆನ್ ಯೆಹೂದಾ ಹೇಳುವ ಕ್ರಮ ಹೀಗಿದೆ: ಬೇಕೆಂದು ಕೊಂದವನಾಗಲಿ, ಅರಿಯದೆ ಕೊಂದವನಾಗಲಿ, ಮೊದಲು ಆಶ್ರಯಪಟ್ಟಣಕ್ಕೆ ಓಡುತ್ತಾನೆ, ನ್ಯಾಯಸಭೆ ಅಲ್ಲಿಗೆ ಜನ ಕಳುಹಿಸಿ ಅವನನ್ನು ಕರೆಸಿಕೊಳ್ಳುತ್ತದೆ, ಮರಣದಂಡನೆಗೆ ಅರ್ಹನೆಂದು ತೀರ್ಮಾನವಾದರೆ ದಂಡನೆ, ನಿರಪರಾಧಿಯಾದರೆ ಬಿಡುಗಡೆ, ಅಜಾಗರೂಕತೆಯಿಂದ ಕೊಂದವನಾದರೆ ಮತ್ತೆ ಅದೇ ಪಟ್ಟಣಕ್ಕೆ ಗಡೀಪಾರು. ಅಂದರೆ ಓಡಿಹೋದದ್ದರಿಂದ ತಪ್ಪೊಪ್ಪಿಕೊಂಡಂತಾಗುವುದಿಲ್ಲ, ವಿಚಾರಣೆಗೆ ಕಾಯಲು ಅದೊಂದು ಜಾಗ ಅಷ್ಟೆ. ಈ ಒಂದು ಓದಿನಿಂದಲೇ ತಾವು ಕಂಡ 12 ಮತ್ತು 19ನೇ ವಚನಗಳ ನಡುವೆ ಸರದಿ ಏರ್ಪಡುತ್ತದೆ: ಮೊದಲು ಸಭೆ, ಆಮೇಲೆ ಬಂಧು.

ಮೂವತ್ತು ವರ್ಷ ಕೋರ್ಟಿನಲ್ಲಿ ಕಳೆದ ನನಗೆ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಇನ್ನೊಂದು ಸಾಲು. ಅದೇ 12ನೇ ವಚನದಿಂದ ರಬ್ಬಿ ಅಕಿವಾ ತೆಗೆಯುವ ನಿಯಮವೇನೆಂದರೆ, ನ್ಯಾಯಸಭೆಯ ಸದಸ್ಯರೆಲ್ಲರೂ ತಮ್ಮ ಕಣ್ಣಾರೆ ಕೊಲೆಯನ್ನು ಕಂಡಿದ್ದರೂ ಅವರೇ ಅವನಿಗೆ ಶಿಕ್ಷೆ ವಿಧಿಸುವಂತಿಲ್ಲ. ಅವನು ಬೇರೊಂದು ಸಭೆಯ ಮುಂದೆ ನಿಲ್ಲಬೇಕು. ಕೊಲೆಯನ್ನು ಕಂಡವನ ಮನಸ್ಸು ಆ ಕ್ಷಣಕ್ಕೆ ಆರೋಪಿಯ ಪರವಾದ ಒಂದು ಮಾತನ್ನೂ ಹುಡುಕಲಾರದು ಎಂಬ ತಿಳಿವಳಿಕೆ ಇದರ ಹಿಂದಿದೆ. ಕಣ್ಣಾರೆ ಕಂಡ ನ್ಯಾಯಾಧೀಶನನ್ನೇ ಪೀಠದಿಂದ ಇಳಿಸಿದವರು, ಅಣ್ಣನನ್ನು ಕಳೆದುಕೊಂಡು ಎದೆ ಕುದಿಯುತ್ತಿರುವ ತಮ್ಮನ ಕೈಗೆ ತೀರ್ಪನ್ನು ಬಿಟ್ಟಾರೆಯೆ?

ಇನ್ನು ದಾರಿಯ ವಿಷಯ. ಗಡೀಪಾರಾದವನನ್ನು ಪಟ್ಟಣಕ್ಕೆ ಕಳುಹಿಸುವಾಗ ಅವನೊಂದಿಗೆ ಇಬ್ಬರು ಪಂಡಿತರು ಹೋಗುತ್ತಿದ್ದರು. ಬಂಧುವು ದಾರಿಯಲ್ಲಿ ಅಡ್ಡಗಟ್ಟಿದರೆ, ‘ಇವನನ್ನು ರಕ್ತ ಸುರಿಸಿದವರಂತೆ ಕಾಣಬೇಡ, ಅರಿಯದೆ ಇವನ ಕೈಯಿಂದ ನಡೆದುಹೋಯಿತು’ ಎಂದು ಸಮಾಧಾನ ಹೇಳುವುದು ಅವರ ಕೆಲಸ. ಆಯುಧವಿಲ್ಲದ ಇಬ್ಬರು, ಮಾತು ಮಾತ್ರ. ಆಶ್ರಯಪಟ್ಟಣದ ದಾರಿ 32 ಮೊಳ, ಅಂದರೆ ಸುಮಾರು 15 ಮೀಟರು ಅಗಲವಿರಬೇಕು. ಕವಲು ಸಿಕ್ಕಿದಲ್ಲೆಲ್ಲ ‘ಆಶ್ರಯ, ಆಶ್ರಯ’ ಎಂದು ಬರೆದಿರಬೇಕು ಎಂಬುದನ್ನೂ ತಾಲ್ಮುದ್ ದಾಖಲಿಸುತ್ತದೆ. ಹನ್ನೆರಡನೆಯ ಶತಮಾನದ ಯೆಹೂದಿ ಪಂಡಿತ ಮೈಮೋನಿದೀಸನು ತನ್ನ ಧರ್ಮಸಂಹಿತೆಯಲ್ಲಿ, ಪ್ರತಿವರ್ಷ ಯೆಹೂದಿ ಪಂಚಾಂಗದ ಅದಾರ್ ತಿಂಗಳ 15ರಂದು ನ್ಯಾಯಸಭೆಯು ಈ ದಾರಿಗಳ ದುರಸ್ತಿಗೆ ಆಳುಗಳನ್ನು ಕಳುಹಿಸಬೇಕೆಂದು ಬರೆದಿದ್ದಾನೆ.

ಭಾಷಾಶಾಸ್ತ್ರದ ವಿದ್ಯಾರ್ಥಿನಿ

ಮುನ್ಸೀಫರ ವಿವರಣೆಗೆ ಪದಗಳ ಕಡೆಯಿಂದ ಒಂದಿಷ್ಟು ಸೇರಿಸಬಯಸುತ್ತೇನೆ. ಮೂಲ ಹೀಬ್ರೂವಿನಲ್ಲಿ ಈ ಬಂಧುವಿನ ಹೆಸರು ‘ಗೋಏಲ್ ಹದ್ದಾಮ್’. ‘ದಾಮ್’ ಎಂದರೆ ರಕ್ತ. ‘ಗೋಏಲ್’ ಎಂದರೆ ಸೇಡು ತೀರಿಸುವವನು ಎಂದಲ್ಲ, ಬಿಡಿಸಿಕೊಳ್ಳುವವನು. ಬಡತನದಿಂದ ಅಣ್ಣ ಮಾರಿದ ಹೊಲವನ್ನು ಹಣ ಕೊಟ್ಟು ಬಿಡಿಸಿಕೊಳ್ಳುವ ಸಮೀಪಬಂಧುವನ್ನೂ ಯಾಜಕಕಾಂಡದ 25ನೇ ಅಧ್ಯಾಯ ಇದೇ ಹೆಸರಿನಿಂದ ಕರೆಯುತ್ತದೆ. ರೂತಳ ಕಥೆಯಲ್ಲಿ ಬೋವಜನು ನಿರ್ವಹಿಸುವುದೂ ಇದೇ ಪಾತ್ರ. ಕುಟುಂಬದಿಂದ ಹೊರಗೆ ಹೋದದ್ದನ್ನು ಮರಳಿ ತರುವವನು ಗೋಏಲ್. ಹೊಲ ಹೋದರೆ ಹೊಲ, ರಕ್ತ ಹೋದರೆ ರಕ್ತ. ನಮ್ಮ ‘ಮುಯ್ಯಿ’ ಎಂಬ ಪದವೂ ಹೀಗೆಯೇ ಎರಡು ಮುಖದ್ದು. ಮದುವೆಯಲ್ಲಿ ಕೊಟ್ಟ ಉಡುಗೊರೆಗೆ ತಿರುಗಿ ಮಾಡುವುದೂ ಮುಯ್ಯಿ, ಹೊಡೆದವನಿಗೆ ತಿರುಗಿ ಹೊಡೆಯುವುದೂ ಮುಯ್ಯಿಯೇ. ಸಂಬಂಧದ ಲೆಕ್ಕ ಬಾಕಿ ಉಳಿಯಬಾರದು ಎಂಬುದು ಎರಡಕ್ಕೂ ಮೂಲ.

ರಬ್ಬಿಗಳು ಈ ಪದದ ಹಳೆಯ ಅರ್ಥವನ್ನೇ ಹಿಡಿದುಕೊಂಡರು ಎಂದು ನನ್ನ ಅನಿಸಿಕೆ. ಮೈಮೋನಿದೀಸನ ಪ್ರಕಾರ ಹತನಾದವನ ಆಸ್ತಿಗೆ ಯಾರು ವಾರಸುದಾರರೋ ಅವರೇ ಗೋಏಲ್. ವಾರಸುದಾರರು ಯಾರೂ ಇಲ್ಲದಿದ್ದರೆ? ಆಗ ನ್ಯಾಯಸಭೆಯೇ ಒಬ್ಬ ಗೋಏಲನನ್ನು ನೇಮಿಸಬೇಕು ಎನ್ನುತ್ತದೆ ತಾಲ್ಮುದ್. ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಸತ್ತವನ ಮುಖವನ್ನೂ ನೋಡಿರದ ಒಬ್ಬನನ್ನು ಸಭೆ ಕರೆದು ‘ನೀನು ಇವನ ಬಂಧು’ ಎಂದು ನೇಮಿಸುತ್ತದೆ. ಅಲ್ಲಿಗೆ ಗೋಏಲ್ ಎಂಬುದು ಕುದಿಯುವ ರಕ್ತವಾಗಿ ಉಳಿಯಲಿಲ್ಲ, ಒಂದು ಹುದ್ದೆಯಾಯಿತು.

ಕೊಡಲಿಯ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಧರ್ಮೋಪದೇಶಕಾಂಡದ 19ನೇ ಅಧ್ಯಾಯದಲ್ಲಿ ಇಬ್ಬರು ಮರ ಕಡಿಯಲು ಕಾಡಿಗೆ ಹೋಗುತ್ತಾರೆ, ಕಬ್ಬಿಣವು ‘ಮರದಿಂದ’ ಕಳಚಿ ಜೊತೆಗಾರನಿಗೆ ತಗಲಿ ಅವನು ಸಾಯುತ್ತಾನೆ. ಯಾವ ಮರ? ಕೊಡಲಿಯ ಕಾವೋ, ಕಡಿಯುತ್ತಿದ್ದ ಮರವೋ? ಬಹುಪಾಲು ಪಂಡಿತರು ಕಾವು ಎಂದರು: ಅಲಗು ಕಾವಿನಿಂದ ಕಳಚಿ ಹಾರಿದರೆ ಗಡೀಪಾರು, ಕಡಿದ ಮರದಿಂದ ಚಕ್ಕೆ ಎಗರಿದರೆ ಇಲ್ಲ. ಮಿಶ್ನಾವನ್ನು ಸಂಕಲಿಸಿದ ರಬ್ಬಿ ಯೆಹೂದಾ ಮಾತ್ರ ನೇರ ವಿರುದ್ಧ ಹೇಳಿದರು. ಹೀಬ್ರೂ ಮೂಲದಲ್ಲಿ ಬರೆದಿರುವುದು ವ್ಯಂಜನಗಳನ್ನು ಮಾತ್ರ. ಸ್ವರವನ್ನು ಓದುವವರು ಪರಂಪರೆಯಿಂದ ತುಂಬಿಕೊಳ್ಳಬೇಕು. ಒಂದು ಸ್ವರ ಹಾಕಿದರೆ ‘ಕಳಚಿತು’, ಇನ್ನೊಂದು ಹಾಕಿದರೆ ‘ಕಳಚಿ ಎಗರಿಸಿತು’. ಕಾಗುಣಿತವಿರುವ ನಮಗೆ ಇದು ವಿಚಿತ್ರವಾಗಿ ಕಾಣಬಹುದು, ಆದರೆ ಅಲ್ಲಿ ಒಬ್ಬ ಮನುಷ್ಯನು ಊರು ಬಿಡಬೇಕೋ ಬೇಡವೋ ಎಂಬುದು ಆ ಒಂದು ಸ್ವರದ ಮೇಲೆ ನಿಂತಿತ್ತು. ‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ನಮ್ಮ ಗಾದೆ ಓದುವಾಗ ನೆನಪಾಗದೆ ಇರಲಿಲ್ಲ.

ಮಾಳಿಗೆಮನೆಯವನು

ಮೇಡಂ ಹೇಳಿದ ಕೊಡಲಿಯ ನಿಯಮವಾದರೂ ಅರ್ಥವಾಗುತ್ತದೆ. ಮಕ್ಕೋತಿನ ಅದೇ ಎರಡನೆಯ ಅಧ್ಯಾಯದ ಮೊದಲ ಸಾಲುಗಳು ನನಗೆ ಅರ್ಥವಾಗಲಿಲ್ಲ. ಮಾಳಿಗೆಯ ಮೇಲೆ ಉರುಳೆ ಉರುಳಿಸುತ್ತಿದ್ದಾಗ ಅದು ಬಿದ್ದು ಒಬ್ಬನು ಸತ್ತರೆ ಗಡೀಪಾರು. ಉರುಳೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿದ್ದಾಗ ಬಿದ್ದರೆ ಇಲ್ಲ. ಪೀಪಾಯಿಯನ್ನು ಕೆಳಗಿಳಿಸುವಾಗಿನ ಸಾವಿಗೆ ಗಡೀಪಾರು, ಮೇಲಕ್ಕೆ ಸೇದುವಾಗ ಹಗ್ಗ ಹರಿದು ಬಿದ್ದರೆ ಇಲ್ಲ. ಏಣಿ ಇಳಿಯುವಾಗ ಮೈಮೇಲೆ ಬಿದ್ದು ಸಾಯಿಸಿದರೆ ಗಡೀಪಾರು, ಹತ್ತುವಾಗ ಬಿದ್ದರೆ ಇಲ್ಲ. ನಾನು ಮಣ್ಣಿನ ಮಾಳಿಗೆಯ ಮನೆಯಲ್ಲಿ ಹುಟ್ಟಿ ಬೆಳೆದವನು. ಮಳೆಗಾಲಕ್ಕೆ ಮುಂಚೆ ಮೇಲಿನ ಮಣ್ಣನ್ನು ಒತ್ತುವ ಕೆಲಸ ಗೊತ್ತು, ಅಂಚಿಗೆ ಬಂದಾಗ ಕೆಳಗಿನವರಿಗೆ ‘ಸರಿಯಿರಿ’ ಎಂದು ಕೂಗುವುದೂ ಗೊತ್ತು. ಸತ್ತವನಿಗೆ ಉರುಳೆ ಹೋಗುವಾಗ ಬಿದ್ದರೇನು, ಬರುವಾಗ ಬಿದ್ದರೇನು?

ನಿವೃತ್ತ ಮುನ್ಸೀಫ

ತಮ್ಮ ಆಕ್ಷೇಪಣೆ ಸರಿಯಾಗಿಯೇ ಇದೆ. ಪಂಡಿತರು ಇದನ್ನು ವಚನದ ಪದದಿಂದ ತೆಗೆದರು. ಅರಣ್ಯಕಾಂಡ 35:23ರಲ್ಲಿ ಕಲ್ಲು ಅವನ ಮೇಲೆ ‘ಬಿದ್ದು’ ಅವನು ಸತ್ತರೆ ಎಂದಿದೆ. ಆದುದರಿಂದ ಬೀಳುವ ದಿಕ್ಕಿನ ಕೆಲಸವೇ ಆಗಿರಬೇಕು ಎಂದರು. ಆದರೆ ತಾವು ಹೇಳಿದ ಆ ಕೂಗಿನಲ್ಲಿಯೇ ಇದಕ್ಕೆ ಸಮರ್ಥನೆಯೂ ಸಿಗುತ್ತದೆ ಎಂದು ನನಗೆ ತೋರುತ್ತದೆ. ಭಾರವನ್ನು ಅಂಚಿನ ಕಡೆಗೆ, ಕೆಳಗಿನ ಕಡೆಗೆ ಬಿಡುತ್ತಿರುವವನು ಕೆಳಗೆ ಯಾರಿದ್ದಾರೆಂದು ನೋಡಲೇಬೇಕು; ತನ್ನ ಕಡೆಗೆ ಎಳೆದುಕೊಳ್ಳುತ್ತಿರುವವನಿಗೆ ಬೀಳುವ ಯೋಚನೆ ಬರುವುದು ಕಡಿಮೆ. ಇದು ನನ್ನ ಊಹೆಯೇ ಹೊರತು ತಾಲ್ಮುದ್ ಕೊಡುವ ಕಾರಣವಲ್ಲ.

ಒಟ್ಟಿನಲ್ಲಿ ಅವರ ಕೈಯಲ್ಲಿ ‘ಅರಿಯದೆ ಕೊಂದವನು’ ಎಂಬ ಒಂದು ವರ್ಗ ಮೂರಾಯಿತು, ಮೈಮೋನಿದೀಸನು ಇವನ್ನು ಸ್ಪಷ್ಟವಾಗಿ ಬಿಡಿಸಿಡುತ್ತಾನೆ. ಕೇವಲ ಆಕಸ್ಮಿಕಕ್ಕೆ ಹತ್ತಿರವಾದದ್ದು ಒಂದು, ಅದಕ್ಕೆ ಗಡೀಪಾರೂ ಇಲ್ಲ. ನಡುವಿನ ಅಜಾಗರೂಕತೆ ಇನ್ನೊಂದು, ಅದಕ್ಕೆ ಆಶ್ರಯಪಟ್ಟಣ. ಬೇಕೆಂದೇ ಮಾಡಿದ್ದಕ್ಕೆ ಹತ್ತಿರವಾದ ಬೇಜವಾಬ್ದಾರಿ ಮೂರನೆಯದು, ಅದಕ್ಕೆ ಆಶ್ರಯಪಟ್ಟಣವೂ ರಕ್ಷಣೆ ಕೊಡದು. ಕೊಂದವನು ಹತನಿಗೆ ಹಗೆಯಾಗಿದ್ದರೆ ಗಡೀಪಾರಿನ ರಿಯಾಯಿತಿ ಇಲ್ಲ ಎಂಬುದು ಮಿಶ್ನಾದ ಮಾತು. ಹಗೆ ಎಂದರೆ ಯಾರು? ಸಿಟ್ಟಿನಿಂದ ಮೂರು ದಿನ ಮಾತು ಬಿಟ್ಟವನು! ಅಣ್ಣತಮ್ಮಂದಿರ ಪಾಲುಪಟ್ಟಿಯ ದಾವೆಗಳನ್ನು ಕೇಳಿದ ನನಗೆ, ಈ ಅಳತೆಯಲ್ಲಿ ಅರ್ಧ ಊರೇ ಹಗೆಯಾಗುತ್ತದಲ್ಲ ಎನಿಸಿ ನಗು ಬಂತು.

ಒಂದು ವಿನಾಯಿತಿ ಮಾತ್ರ ನನಗೆ ಒಪ್ಪಿಗೆಯಿಲ್ಲ. ಮರ ಕಡಿಯಲು ಹೋಗುವುದು ಇಷ್ಟಾನುಸಾರದ ಕೆಲಸ. ಆದಕಾರಣ ಮಗನಿಗೆ ಹೊಡೆಯುವ ತಂದೆ, ಶಿಷ್ಯನಿಗೆ ಹೊಡೆಯುವ ಗುರು, ನ್ಯಾಯಸಭೆಯ ಆಜ್ಞೆಯಂತೆ ಹೊಡೆಯುವ ಜವಾನ, ಇವರ ಕೆಲಸ ಕರ್ತವ್ಯವಾದ್ದರಿಂದ ಪೆಟ್ಟು ತಿಂದವನು ಸತ್ತರೂ ಗಡೀಪಾರಿಲ್ಲ ಎಂದು ಅಬ್ಬಾ ಶಾವೂಲ್ ವಾದಿಸುತ್ತಾರೆ. ಕರ್ತವ್ಯದ ಹೆಸರಿನಲ್ಲಿ ಬಿದ್ದ ಪೆಟ್ಟು ಹಗುರವಾಗಿರುತ್ತದೆಯೆ?

ಸಭಾಪಾಲಕ

ಎಲ್ಲರಿಗೂ ವಂದನೆಗಳು. ಈ ನಿಯಮಗಳು ಬರಿಯ ಪುಸ್ತಕದ ಮಾತಲ್ಲ, ಕಥೆಯೊಳಗೂ ಇವೆ ಎಂಬುದಕ್ಕೆ ಎರಡನೆಯ ಸಮುವೇಲನ ಗ್ರಂಥದ ಒಂದು ಘಟನೆಯನ್ನು ನೆನಪಿಸುತ್ತೇನೆ. ಯುದ್ಧದ ದಿನ ದಾವೀದನ ಕಡೆಯ ಅಸಾಹೇಲನು ಎದುರಾಳಿ ಸೇನಾಪತಿ ಅಬ್ನೇರನ ಬೆನ್ನು ಹತ್ತುತ್ತಾನೆ. ಬೇಡವೆಂದು ಎಷ್ಟು ಹೇಳಿದರೂ ಕೇಳದವನನ್ನು ಅಬ್ನೇರನು ಭರ್ಜಿಯ ಹಿಂತುದಿಯಿಂದ ತಿವಿದು ಕೊಲ್ಲುತ್ತಾನೆ. ಮುಂದೆ ಅಸಾಹೇಲನ ಅಣ್ಣ ಯೋವಾಬನು ಅಬ್ನೇರನನ್ನು ಗುಟ್ಟಾಗಿ ಮಾತಾಡುವ ನೆಪದಲ್ಲಿ ಊರಬಾಗಿಲಿನೊಳಗೆ ಕರೆದು ಹೊಟ್ಟೆಗೆ ಇರಿಯುತ್ತಾನೆ. ಆ ಊರು ಹೆಬ್ರೋನ್. ಯೆಹೋಶುವನ ಗ್ರಂಥದ 20ನೇ ಅಧ್ಯಾಯದ ಪ್ರಕಾರ ಕೆದೆಷ್, ಶೆಕೆಮ್‌ಗಳ ಜೊತೆಗೆ ಯೊರ್ದನಿನ ಈಚೆಗಿದ್ದ ಮೂರು ಆಶ್ರಯಪಟ್ಟಣಗಳಲ್ಲೊಂದು!

ತಾಲ್ಮುದಿನ ಪಂಡಿತರು ಈ ಇರಿತವನ್ನು ಒಂದು ವಿಚಾರಣೆಯಾಗಿ ಬರೆದುಬಿಟ್ಟರು. ಅಸಾಹೇಲನನ್ನು ಏಕೆ ಕೊಂದೆ ಎಂದು ಯೋವಾಬನು ಕೇಳುತ್ತಾನೆ. ನನ್ನನ್ನು ಕೊಲ್ಲಲು ಅಟ್ಟಿಸಿಕೊಂಡು ಬಂದ ಎನ್ನುತ್ತಾನೆ ಅಬ್ನೇರ. ಕೈಗೋ ಕಾಲಿಗೋ ಹೊಡೆದು ತಪ್ಪಿಸಿಕೊಳ್ಳಬಹುದಿತ್ತಲ್ಲ? ಅದು ನನ್ನಿಂದ ಆಗಲಿಲ್ಲ. ಐದನೆಯ ಪಕ್ಕೆಲುಬಿಗೆ ಗುರಿಯಿಡಲು ಆದವನಿಗೆ ಕೈಕಾಲಿಗೆ ಗುರಿಯಿಡಲು ಆಗಲಿಲ್ಲವೆ? ಆತ್ಮರಕ್ಷಣೆಯಲ್ಲಿ ಬೇಕಾದುದಕ್ಕಿಂತ ಹೆಚ್ಚು ಬಲ ಪ್ರಯೋಗಿಸಬಾರದೆಂಬ ನಿಯಮ ಅಲ್ಲಿ ಸಂಭಾಷಣೆಯ ರೂಪದಲ್ಲಿದೆ. ಮೂಲ ಕಥೆಯ ಯೋವಾಬನು ಪ್ರಶ್ನೆ ಕೇಳುವವನಲ್ಲ, ಕತ್ತಿ ತೆಗೆಯುವವನು. ಪಂಡಿತರು ಅವನ ಬಾಯಿಗೂ ಪ್ರಶ್ನೆಗಳನ್ನು ಕೊಟ್ಟರು.

ಮಹಾಯಾಜಕನ ಮರಣದ ವಿಷಯವನ್ನು ಇನ್ನೂ ಯಾರೂ ಎತ್ತಿಲ್ಲ. ಗಡೀಪಾರಾದವನು ಮನೆಗೆ ಮರಳುವುದು ಆ ಕಾಲದ ಮಹಾಯಾಜಕನು ಸತ್ತ ಮೇಲೆಯೇ. ಕೆಲವರಿಗೆ ಒಂದು ತಿಂಗಳು, ಕೆಲವರಿಗೆ ನಲವತ್ತು ವರ್ಷ ಆಗಬಹುದು. ಇದರಿಂದ ಹುಟ್ಟುವ ಪೇಚನ್ನು ಮಿಶ್ನಾ ಮುಚ್ಚಿಡುವುದಿಲ್ಲ: ತಮ್ಮ ಮಕ್ಕಳು ಬೇಗ ಸಾಯಲೆಂದು ಇವರು ಪ್ರಾರ್ಥಿಸದಿರಲಿ ಎಂದು ಮಹಾಯಾಜಕರ ತಾಯಂದಿರು ಆಶ್ರಯಪಟ್ಟಣದವರಿಗೆ ಊಟ, ಬಟ್ಟೆ ಒದಗಿಸುತ್ತಿದ್ದರಂತೆ. ತಾಯಂದಿರು ಬುತ್ತಿ ಹೊತ್ತು ಕೊಲೆಗಾರರ ಊರಿಗೆ ಹೋಗುವ ಈ ಚಿತ್ರವನ್ನು ನಾನು ಎಷ್ಟೋ ಸಲ ಕಲ್ಪಿಸಿಕೊಂಡಿದ್ದೇನೆ. ಮಹಾಯಾಜಕನು ತನ್ನ ಕಾಲದ ಜನಕ್ಕಾಗಿ ಕರುಣೆಯನ್ನು ಬೇಡಬೇಕಿತ್ತು, ಬೇಡಲಿಲ್ಲ, ಆದುದರಿಂದ ಅವನಿಗೂ ಇದರಲ್ಲಿ ಪಾಲಿದೆ ಎಂಬುದು ತಾಲ್ಮುದ್ ಕೊಡುವ ಕಾರಣ. ಮೈಮೋನಿದೀಸನು ತನ್ನ ತತ್ತ್ವಗ್ರಂಥದಲ್ಲಿ ಬೇರೊಂದು ಕಾರಣ ಕೊಡುತ್ತಾನೆ: ನಾಡೇ ಗೌರವಿಸುವ ವ್ಯಕ್ತಿ ಸತ್ತಾಗ ಆ ದೊಡ್ಡ ದುಃಖದಲ್ಲಿ ಬಂಧುವಿನ ಸ್ವಂತ ದುಃಖ ತಣಿಯುತ್ತದೆ. ಎರಡರಲ್ಲಿ ನನಗೆ ಮೊದಲನೆಯದೇ ಗಟ್ಟಿಯೆನಿಸುತ್ತದೆ. ಊರಿನಲ್ಲಿ ಯಾರು ಸತ್ತರೂ ತನ್ನ ಮನೆಯ ಸಾವನ್ನು ಮರೆತ ತಾಯಿಯನ್ನು ನಾನು ಕಂಡಿಲ್ಲ.

ಸಂದೇಹಿ

ಎಲ್ಲರ ಬರಹಗಳನ್ನೂ ಗೌರವದಿಂದಲೇ ಓದಿದೆ. ಆದರೆ ಚರ್ಚೆಯು ಮೆಚ್ಚುಗೆಯ ಕಡೆಗೇ ವಾಲುತ್ತಿದೆ. ಮರಣದಂಡನೆ ವಿಧಿಸಲು ಇವರು ಹಾಕಿದ ಷರತ್ತುಗಳನ್ನು ನೋಡಿ. ಇಬ್ಬರು ಸಾಕ್ಷಿಗಳು ಬೇಕು. ಕೊಲ್ಲುವ ಮೊದಲೇ ಅವನಿಗೆ ಎಚ್ಚರಿಕೆ ಕೊಟ್ಟಿರಬೇಕು, ಅವನು ‘ಗೊತ್ತು, ಗೊತ್ತಿದ್ದೇ ಮಾಡುತ್ತೇನೆ’ ಎಂದು ಸಾವನ್ನು ತಲೆಯ ಮೇಲೆ ಎಳೆದುಕೊಂಡಿರಬೇಕು. ಯಾವ ಕೊಲೆಗಾರನು ಹೀಗೆ ಉತ್ತರಿಸುತ್ತಾನೆ? ಏಳು ವರ್ಷಕ್ಕೊಮ್ಮೆ ಮರಣದಂಡನೆ ವಿಧಿಸುವ ಸನ್ಹೆದ್ರಿನ್, ಅಂದರೆ ಯೆಹೂದಿ ಉನ್ನತ ನ್ಯಾಯಸಭೆ, ವಿನಾಶಕಾರಿ ಎನ್ನುತ್ತದೆ ಮಿಶ್ನಾ. ಎಪ್ಪತ್ತು ವರ್ಷಕ್ಕೊಮ್ಮೆ ಎಂದು ತಿದ್ದುತ್ತಾರೆ ರಬ್ಬಿ ಎಲಾಜಾರ್ ಬೆನ್ ಅಜರ್ಯಾ. ನಾವು ಅಲ್ಲಿದ್ದಿದ್ದರೆ ಯಾರೂ ಎಂದಿಗೂ ಸಾಯುತ್ತಿರಲಿಲ್ಲ ಎನ್ನುತ್ತಾರೆ ರಬ್ಬಿ ತರ್ಫೋನ್ ಮತ್ತು ರಬ್ಬಿ ಅಕಿವಾ. ಹೇಗೆ ಸಾಧ್ಯ ಎಂದರೆ, ಕತ್ತಿ ಹೊಕ್ಕ ಜಾಗದಲ್ಲಿ ಮೊದಲೇ ಒಂದು ತೂತು ಇತ್ತೇನೋ ಎಂದು ಸಾಕ್ಷಿಗಳನ್ನು ಕೇಳುತ್ತಿದ್ದರಂತೆ! ಇದು ನ್ಯಾಯವೋ, ಚಮತ್ಕಾರವೋ? ಅದೇ ಪುಟದಲ್ಲಿ ರಬ್ಬಾನ್ ಶಿಮೋನ್ ಬೆನ್ ಗಮ್ಲಿಯೇಲ್ ಕೊಟ್ಟ ಉತ್ತರವೇ ನನ್ನದೂ ಆಗಿದೆ: ಹಾಗೆ ಮಾಡಿದ್ದರೆ ಇವರು ಇಸ್ರಾಯೇಲಿನಲ್ಲಿ ರಕ್ತ ಸುರಿಸುವವರನ್ನು ಹೆಚ್ಚಿಸುತ್ತಿದ್ದರು.

ಇನ್ನೊಂದು ಮಾತು. ಅರಣ್ಯಕಾಂಡ 35:15ರಲ್ಲಿ ಆಶ್ರಯಪಟ್ಟಣವು ಇಸ್ರಾಯೇಲ್ಯರಿಗೂ ಪರದೇಶದವರಿಗೂ ನಡುವೆ ಇಳುಕೊಂಡವರಿಗೂ ಎಂದಿದೆ. ಮಿಶ್ನಾವು ಇಳುಕೊಂಡ ಪರಕೀಯನನ್ನು ಬೇರ್ಪಡಿಸಿ, ಅವನು ತನ್ನಂಥವನನ್ನು ಕೊಂದಾಗ ಮಾತ್ರ ಗಡೀಪಾರು ಎಂದು ಕುಗ್ಗಿಸುತ್ತದೆ. ವ್ಯಾಖ್ಯಾನವು ಯಾವಾಗಲೂ ಕರುಣೆಯ ಕಡೆಗೇ ಹರಿಯಿತು ಎನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನಿವೃತ್ತ ಮುನ್ಸೀಫ

ಪರಕೀಯನ ವಿಷಯದಲ್ಲಿ ತಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ, ಅದಕ್ಕೆ ನನ್ನಲ್ಲಿ ಸಮರ್ಥನೆ ಇಲ್ಲ. ಮರಣದಂಡನೆಯ ವಿಷಯದಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಎರಡನೆಯ ದೇವಾಲಯ ನಾಶವಾದದ್ದು ಕ್ರಿಸ್ತಶಕ 70ರಲ್ಲಿ. ಅದಕ್ಕೂ ನಲವತ್ತು ವರ್ಷ ಮೊದಲೇ ಸನ್ಹೆದ್ರಿನ್ ತನ್ನ ಸಭಾಂಗಣ ಬಿಟ್ಟು ಹೊರಟಿತು, ಅಂದಿನಿಂದ ಮರಣದಂಡನೆಯ ಮೊಕದ್ದಮೆಗಳು ನಿಂತವು ಎಂದು ತಾಲ್ಮುದ್ ಹೇಳುತ್ತದೆ. ತರ್ಫೋನ್, ಅಕಿವಾ ಅವರು ‘ನಾವು ಅಲ್ಲಿದ್ದಿದ್ದರೆ’ ಎನ್ನುವುದು ಇದೇ ಕಾರಣಕ್ಕೆ. ಅವರ ಕೈಯಲ್ಲಿ ಆ ಅಧಿಕಾರವೇ ಇರಲಿಲ್ಲ. ಅಧಿಕಾರವಿಲ್ಲದಾಗ ಉದಾರವಾಗಿರುವುದು ಸುಲಭವೆಂದು ತಾವು ಹೇಳಬಹುದು, ಅದಕ್ಕೂ ನಾನು ಅಡ್ಡ ಬರುವುದಿಲ್ಲ.

ಎರಡನೆಯದು, ತಾವು ಎತ್ತಿದ ಭಯ ಅವರಿಗೂ ಇತ್ತು. ಸಾಕ್ಷ್ಯದ ಕೊರತೆಯಿಂದ ತಪ್ಪಿಸಿಕೊಂಡ ಕೊಲೆಗಾರನನ್ನು ‘ಕಿಪ್ಪಾ’ ಎಂಬ ಇಕ್ಕಟ್ಟಾದ ಕೋಣೆಗೆ ತಳ್ಳಿ ಅಳತೆಯ ರೊಟ್ಟಿ, ನೀರು ಕೊಡಬೇಕೆಂದು ಮಿಶ್ನಾದ ‘ಸನ್ಹೆದ್ರಿನ್’ ಎಂಬ ಪ್ರಕರಣ ಹೇಳುತ್ತದೆ. ಇಂಥವನನ್ನು ರಾಜನು ತನ್ನ ಅಧಿಕಾರದಿಂದ ಕೊಲ್ಲಿಸಬಹುದು ಎನ್ನುತ್ತಾನೆ ಮೈಮೋನಿದೀಸ. ಕೋಣೆಯ ನಿಯಮದಲ್ಲಿರುವ ಕ್ರೌರ್ಯವನ್ನು ನಾನು ಮರೆಮಾಚುವುದಿಲ್ಲ. ಆದರೆ ಗಮನಿಸಿ, ಆ ಬಿರುಕನ್ನು ಮುಚ್ಚಲು ಅವರು ಕೋಣೆಯನ್ನು ಕಟ್ಟಿದರು, ರಾಜನನ್ನು ಕರೆದರು, ಬಂಧುವನ್ನು ಮಾತ್ರ ಕರೆಯಲಿಲ್ಲ.

ಹಳೆಯ ಪಂಡಿತ ಶಿಮೋನ್ ಬೆನ್ ಶೆತಾಹ್ ಅವರ ಅನುಭವವನ್ನೂ ಕೇಳಿ. ಒಬ್ಬನು ಇನ್ನೊಬ್ಬನನ್ನು ಅಟ್ಟಿಸಿಕೊಂಡು ಪಾಳುಮನೆಯೊಳಗೆ ಓಡುತ್ತಾನೆ. ಶಿಮೋನರು ಹಿಂದೆಯೇ ಓಡಿ ನೋಡಿದರೆ ಅಟ್ಟಿಸಿಕೊಂಡು ಹೋದವನ ಕೈಯ ಕತ್ತಿಯಿಂದ ರಕ್ತ ತೊಟ್ಟಿಕ್ಕುತ್ತಿದೆ, ಇನ್ನೊಬ್ಬನು ನೆಲದ ಮೇಲೆ ಒದ್ದಾಡುತ್ತಿದ್ದಾನೆ. ‘ದುಷ್ಟನೇ, ಇವನನ್ನು ಕೊಂದವರು ನಾನು ಅಥವಾ ನೀನು. ಆದರೆ ಏನು ಮಾಡಲಿ, ನಿನ್ನ ರಕ್ತ ನನ್ನ ಕೈಗೆ ಒಪ್ಪಿಸಿಲ್ಲ’ ಎಂದು ಅವರು ಸುಮ್ಮನಾಗುತ್ತಾರೆ. ಅಲ್ಲಿಂದ ಕದಲುವ ಮೊದಲೇ ಅವನಿಗೆ ಹಾವು ಕಚ್ಚಿತು ಎಂದು ಕಥೆ ಮುಗಿಯುತ್ತದೆ. ಹಾವನ್ನು ಬಿಟ್ಟುಬಿಡಿ, ನನಗೆ ಮುಖ್ಯವಾದದ್ದು ಆ ಅಸಹಾಯಕ ಮಾತು. ಎದುರಿಗಿರುವವನು ಕೊಲೆಗಾರನೆಂದು ಖಚಿತವಾಗಿ ತಿಳಿದೂ ಸಾಕ್ಷ್ಯ ಸಾಲದೆ ಬಿಡುಗಡೆಯ ಆದೇಶಕ್ಕೆ ಸಹಿ ಹಾಕಿದ ದಿನ ನನ್ನ ವೃತ್ತಿಯಲ್ಲೂ ಬಂದಿದೆ. ಆ ರಾತ್ರಿ ಊಟ ಸೇರಲಿಲ್ಲ.

ಭಾಷಾಶಾಸ್ತ್ರದ ವಿದ್ಯಾರ್ಥಿನಿ

ಹಣದ ವಿಷಯ ಬಿಟ್ಟುಹೋಗಬಾರದು. ಪ್ರಾಚೀನ ಅನತೋಲಿಯಾದ (ಇಂದಿನ ಟರ್ಕಿಯ) ಹಿತ್ತೀಯರ ಕಾನೂನಿನಲ್ಲಿ ಜಗಳದಲ್ಲಿ ಒಬ್ಬನನ್ನು ಕೊಂದವನು ಪರಿಹಾರವಾಗಿ ನಾಲ್ಕು ಜನರನ್ನು ಒಪ್ಪಿಸಬೇಕಿತ್ತು. ಅಲ್ಲಿ ಜೀವಕ್ಕೆ ಬೆಲೆ ಕಟ್ಟಬಹುದಿತ್ತು. ಅರಣ್ಯಕಾಂಡ 35:31 ಇದನ್ನು ಸಾರಾಸಗಟಾಗಿ ನಿಷೇಧಿಸುತ್ತದೆ: ಕೊಲೆಗಾರನ ಪ್ರಾಣಕ್ಕೆ ಈಡಾಗಿ ಹಣ ತೆಗೆದುಕೊಳ್ಳಬಾರದು. ಬಂಧುವೇ ಕ್ಷಮಿಸಿ ರಾಜಿಯಾದರೂ ಇಲ್ಲ, ಏಕೆಂದರೆ ಸತ್ತವನ ಪ್ರಾಣ ಬಂಧುವಿನ ಸ್ವತ್ತಲ್ಲ, ದೇವರದ್ದು ಎಂದು ಮೈಮೋನಿದೀಸನು ಕಾರಣ ಹೇಳುತ್ತಾನೆ. ಸೇಡಿನ ಬೇರಿಗೆ ಬಿದ್ದ ಪೆಟ್ಟು ಇದೇ ಎಂದು ನನಗೆ ಅನಿಸುತ್ತದೆ. ಮನ್ನಿಸುವ ಹಕ್ಕೇ ಇಲ್ಲದವನಿಗೆ ಸೇಡೂ ಸ್ವಂತದ್ದಾಗಿ ಉಳಿಯುವುದಿಲ್ಲ.

ಇದೇ ವಚನವನ್ನು ತಾಲ್ಮುದ್ ತಿರುಗಿಸಿ ಓದುವ ರೀತಿಯೂ ಸೊಗಸಾಗಿದೆ. ಪ್ರಾಣಕ್ಕೆ ಹಣ ಬೇಡ ಎಂದರೆ, ಅಂಗಾಂಗಗಳಿಗೆ ಹಣ ಆಗಬಹುದು ಎಂದಾಯಿತಲ್ಲ! ‘ಕಣ್ಣಿಗೆ ಕಣ್ಣು’ ಎಂಬ ಪ್ರಸಿದ್ಧ ನಿಯಮವನ್ನು ನಷ್ಟಪರಿಹಾರವಾಗಿ ಬದಲಿಸಲು ಅವರು ಬಳಸಿದ ಆಧಾರಗಳಲ್ಲಿ ಇದೂ ಒಂದು.

ಮಲೆನಾಡಿನ ಓದುಗ

ಎಲ್ಲರಿಗೂ ಕೃತಜ್ಞತೆಗಳು. ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದೆ, ಉಳಿದರ್ಧದಲ್ಲಿ ಪಂಡಿತರಲ್ಲೇ ಒಮ್ಮತವಿಲ್ಲ ಎಂದು ಈ ಮಾತುಗಳ ನಂತರ ಮಕ್ಕೋತ್ ಅಧ್ಯಾಯವನ್ನು ಮತ್ತೆ ಓದಿದಾಗ ತಿಳಿಯಿತು. ಗಡೀಪಾರಾದವನು ಪಟ್ಟಣದ ಎಲ್ಲೆಯಿಂದಾಚೆ ಕಾಲಿಟ್ಟು, ಅಲ್ಲಿ ಬಂಧುವಿನ ಕೈಗೆ ಸಿಕ್ಕಿದರೆ? ಅವನನ್ನು ಕೊಲ್ಲುವುದು ಬಂಧುವಿಗೆ ಕರ್ತವ್ಯ ಎನ್ನುತ್ತಾರೆ ಗಲಿಲಾಯದ ರಬ್ಬಿ ಯೋಸೆ. ಅನುಮತಿ ಮಾತ್ರ ಎನ್ನುತ್ತಾರೆ ರಬ್ಬಿ ಅಕಿವಾ. ಹಾಗಾದರೆ ಗೋಏಲನು ಸಂಪೂರ್ಣವಾಗಿ ಒಳಗೆ ಬರಲಿಲ್ಲ. ಊರ ಗಡಿಯಾಚೆ, ಮರದ ಕೆಳಗೆ ಇನ್ನೂ ಕಾಯುತ್ತಾ ನಿಂತಿದ್ದಾನೆ. ಮರದ ಮಾತನ್ನು ಸುಮ್ಮನೆ ಹೇಳಲಿಲ್ಲ: ಎಲ್ಲೆಯೊಳಗೆ ಬೇರೂರಿದ ಮರದ ಕೊಂಬೆ ಹೊರಕ್ಕೆ ಚಾಚಿದರೆ, ಅಥವಾ ಹೊರಗಿನ ಮರ ಒಳಕ್ಕೆ ಬಾಗಿದರೆ ಏನು ಎಂಬುದನ್ನೂ ಮಿಶ್ನಾ ಬಿಡದೆ ಕೇಳುತ್ತದೆ, ಕೊಂಬೆಯನ್ನೇ ಲೆಕ್ಕಕ್ಕೆ ಹಿಡಿಯಬೇಕೆಂದು ತೀರ್ಮಾನಿಸುತ್ತದೆ.

ಸಭಾಪಾಲಕರಿಗೆ ಒಂದು ಕೇಳಿಕೆ. ಆಶ್ರಯಪಟ್ಟಣದವರು ಗಡೀಪಾರಾದವನನ್ನು ಗೌರವಿಸಲು ಬಂದರೆ ಅವನು ‘ನಾನು ಕೊಲೆಗಾರ’ ಎಂದು ಹೇಳಬೇಕು, ‘ಆದರೂ ಸರಿ’ ಎಂದು ಅವರು ಅಂದರೆ ಆಗ ಸ್ವೀಕರಿಸಬಹುದು ಎಂದಿದೆ. ಅರಿಯದೆ ಕೊಂದವನೆಂದು ಸಭೆಯೇ ತೀರ್ಪು ಕೊಟ್ಟ ಮೇಲೂ ಅವನು ತನ್ನ ಬಾಯಿಂದ ಈ ಪದವನ್ನೇ ಏಕೆ ಆಡಬೇಕು?

ಸಭಾಪಾಲಕ

ಧರ್ಮೋಪದೇಶಕಾಂಡ 19:4ರ ‘ಇದು ಕೊಲೆಗಾರನ ಮಾತು’ ಎಂಬ ಹೀಬ್ರೂ ಪದಗುಚ್ಛವನ್ನು ಅವರು ಅಕ್ಷರಶಃ ಹಿಡಿದರು. ‘ಕೊಲೆಗಾರನಿಗೆ ಸಂಬಂಧಿಸಿದ ನಿಯಮ’ ಎಂಬುದು ಅದರ ಸರಳಾರ್ಥ. ಇನ್ನು ನನ್ನ ಅಭಿಪ್ರಾಯ ಕೇಳುವುದಾದರೆ, ಒಂದೇ ಸಲ ಹೇಳಿದರೆ ಸಾಕು ಎಂಬುದರ ಮೇಲೆ ಕಣ್ಣಿಡಿ. ಜನ ಎರಡನೆಯ ಸಲ ಒತ್ತಾಯಿಸಿದ ಮೇಲೂ ಅದನ್ನೇ ಹೇಳುತ್ತಿರಬೇಕೆಂದು ಮಿಶ್ನಾ ಕೇಳುವುದಿಲ್ಲ. ಅವನು ತನ್ನ ಊರಿಗೆ ಮರಳಿದ ಮೇಲೆ ಹಿಂದಿನ ಅಧಿಕಾರ ಸಿಗಬೇಕೆಂದು ರಬ್ಬಿ ಮೇಯಿರ್, ಸಿಗಕೂಡದೆಂದು ರಬ್ಬಿ ಯೆಹೂದಾ (ಇವರು ಮಿಶ್ನಾವನ್ನು ಸಂಕಲಿಸಿದ ಯೆಹೂದಾ ಅಲ್ಲ, ಬೇರೆಯವರು). ಆ ಅಧ್ಯಾಯ ನಿಲ್ಲುವುದು ಈ ಜಗಳದಲ್ಲಿಯೇ.